ಮಳೆಗೆ ಮುಂಚೆ ಬಳಿದ ಸುಟ್ಟ ಆಯಿಲ್

ಆಲ್ದೂರಿನ ನಮ್ಮ ಮನೆ ರಸ್ತೆಗೆ ಅಂಟಿಕೊಂಡೇ ಇದೆ. ಟ್ರ್ಯಾಕ್ಟರ್ ಸದ್ದು ಕೇಳಿದರೆ ಸಾಕು, ಓದುತ್ತಿದ್ದ ಪೇಪರ್ ಮಡಚಿಟ್ಟು ಗೇಟಿನ ಹತ್ತಿರ ಹೋಗಿ ನಿಲ್ಲುತ್ತೇನೆ. ನನಗೆ ಬೇಕಾದದ್ದು ಟ್ರ್ಯಾಕ್ಟರ್ ಅಲ್ಲ. ಹಿಂದೆ ಬರುವ ಟ್ರೈಲರಿನ ಚಕ್ರದ ಒಳಭಾಗ ಕಣ್ಣಿಗೆ ಬೀಳಬೇಕು. ಅದು ಹಾದುಹೋದ ಮೇಲೆ ವಾಪಸ್ ಬಂದು ಕೂರುತ್ತೇನೆ. ಐದು ನಿಮಿಷಕ್ಕೆ ಇನ್ನೊಂದು ಬರುತ್ತದೆ. "ರಿಟೈರ್ ಆಯ್ತು ಅಂತ ಆ ಟ್ರೈಲರಿಗೂ ಒಂದು ಮಾತು ಹೇಳಿ ಬನ್ನಿ" ಎಂದು ನನ್ನ ಹೆಂಡತಿ ಸರೋಜ ಅಡುಗೆಮನೆಯಿಂದಲೇ ಕೂಗುತ್ತಾಳೆ.

ಟ್ರೈಲರ್ ತಯಾರಿಸುವ ಕಂಪೆನಿಯೊಂದರ ಸರ್ವಿಸ್ ವಿಭಾಗದಲ್ಲಿ ನಾನಿದ್ದೆ. ಚಿಕ್ಕಮಗಳೂರಿನಿಂದ ಮೂಡಿಗೆರೆ, ಕಳಸದವರೆಗಿನ ಕಾಫಿ ತೋಟಗಳು ನನ್ನ ಪಾಲಿಗೆ ಬಂದಿದ್ದವು. ಟ್ರೈಲರಿನದು ಏನಾದರೂ ಮುರಿದರೆ ಹೋಗಿ ನೋಡಬೇಕು, ಯಾಕೆ ಮುರಿಯಿತು ಎಂದು ರಿಪೋರ್ಟ್ ಬರೆಯಬೇಕು. ತಪ್ಪು ಕಂಪೆನಿಯದಾದರೆ ಹೊಸ ಭಾಗ ಬಿಟ್ಟಿಯಾಗಿ ಹಾಕಿಕೊಡುತ್ತಾರೆ. ತಪ್ಪು ಓಡಿಸಿದವನದು ಎಂದಾದರೆ ಅವನು, ಅವನ ಯಜಮಾನರು, ಇಬ್ಬರೇ ಸೇರಿ ಬಗೆಹರಿಸಿಕೊಳ್ಳಬೇಕು. ಅವರು ಹೇಗೆ ಬಗೆಹರಿಸಿಕೊಂಡರು ಎಂದು ನೋಡುವುದಕ್ಕೆ ನಾವು ಯಾರೂ ಹೋಗುವುದಿಲ್ಲ.

ಮೊನ್ನೆ ಕಂಪೆನಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದರು. ಹತ್ತು ನಿಮಿಷ ಕೊಟ್ಟರು. ಹತ್ತು ನಿಮಿಷದಲ್ಲಿ ನನ್ನ ಕತೆ ಇನ್ನೂ ಕಳಸದ ಬಸ್ಸನ್ನೇ ಹತ್ತಿರಲಿಲ್ಲ, ಅಷ್ಟರಲ್ಲಿ ಟೀ ಬಂತು. ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಬರೆದ ಒಂದೇ ಒಂದು ಪದದಿಂದ ಚಂದ್ರಯ್ಯ ಎಂಬ ಡ್ರೈವರ್ ಸ್ಟೇರಿಂಗ್ ಬಿಟ್ಟು ಕಳೆ ಹೊಡೆಯುವ ಮಿಷನ್ ಹೊರಬೇಕಾಯಿತು. ಆ ಪದ ತಪ್ಪಾಗಿತ್ತು. ತಪ್ಪು ಎಂದು ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ. ನಿಮಗೆ ಹೇಳಬೇಕಾದದ್ದು ಇದೇ. ಆದರೆ ಇದು ಅರ್ಥವಾಗಬೇಕಾದರೆ ನಮ್ಮ ಕೆಲಸ ಹೇಗಿತ್ತು ಎನ್ನುವುದನ್ನು ಸ್ವಲ್ಪ ಹೇಳಬೇಕು.

ಟ್ರೈಲರಿನ ಕೆಳಗೆ, ಎರಡೂ ಪಕ್ಕ, ಬಾಗಿದ ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದ ಕಟ್ಟು ಇರುತ್ತದೆ. ಭಾರವನ್ನೆಲ್ಲ ಹೊರುವುದು ಅದೇ. ನಮ್ಮ ಕಡೆ ಅದಕ್ಕೆ ಪ್ಲೇಟು ಅನ್ನುತ್ತಾರೆ. ಪ್ಲೇಟಿನ ತುದಿ ಸುರುಳಿ ಸುತ್ತಿರುತ್ತದೆ. ಆ ಸುರುಳಿಯೊಳಗೆ ಬಳೆಯಂಥ ಒಂದು ತುಂಡು, ಅದೇ ಬುಷ್. ಬುಷ್ಷಿನ ಒಳಗೆ ಪಿನ್ನು ತೂರಿಸಿ ಪ್ಲೇಟನ್ನು ಟ್ರೈಲರಿಗೆ ಸೇರಿಸಿರುತ್ತಾರೆ. ಇಷ್ಟು ತಿಳಿದಿದ್ದರೆ ಮುಂದಿನದಕ್ಕೆ ಸಾಕು.

ನಾನು ಸೇರಿದಾಗ ಕಂಪೆನಿ ಬೈಕ್ ಕೊಟ್ಟಿರಲಿಲ್ಲ. ಮುರಿದ ಭಾಗವನ್ನು ಚಿಕ್ಕಮಗಳೂರಿನ ಆಫೀಸಿಗೆ ಹೊತ್ತು ತಂದು ತೋರಿಸಬೇಕಿತ್ತು. ಒಮ್ಮೆ ಕಳಸದಲ್ಲಿ ಎರಡು ತುಂಡಾದ ಪ್ಲೇಟನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ. ಕಂಡಕ್ಟರ್ ಚೀಲವನ್ನು ಮುಟ್ಟಿ ನೋಡಿ ಬೆಚ್ಚಿಬಿದ್ದ.

"ಎಂತ ಇದು? ಮಚ್ಚಾ?"

"ಟ್ರೈಲರಿನ ಪ್ಲೇಟು ಮಾರಾಯ. ಮುರಿದಿದೆ."

"ಮುರಿದಿದ್ದನ್ನ ಯಾಕೆ ಹೊತ್ಕೊಂಡ್ ಹೋಗ್ತೀರಿ? ಸೀಟಿನ ಕೆಳಗೆ ಇಡ್ಬೇಡಿ, ಯಾರದ್ದಾದ್ರೂ ಕಾಲು ಹೋಗ್ತದೆ. ನಿಮ್ ತೊಡೆ ಮೇಲೇ ಇಟ್ಕಳಿ."

ಕಳಸದಿಂದ ಚಿಕ್ಕಮಗಳೂರಿನವರೆಗೆ, ಅಷ್ಟೂ ತಿರುವುಗಳಲ್ಲಿ, ಅದನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಬಂದೆ. ಆಫೀಸಿನಲ್ಲಿ ನನ್ನ ಮೇಲಿನವರು ಶ್ರೀನಿವಾಸರಾಯರು. ತೆಳ್ಳಗಿನ ಮನುಷ್ಯ, ಮೂಗಿನ ತುದಿಯಲ್ಲಿ ಸಿಟ್ಟು. ಅವರು ನನ್ನ ರಿಪೋರ್ಟ್ ಓದಿದರು. ಕಾರಣ ಎನ್ನುವ ಜಾಗದಲ್ಲಿ ನಾನು 'ಓವರ್‌ಲೋಡ್' ಎಂದು ಬರೆದಿದ್ದೆ. ಕಾಗದವನ್ನು ನನ್ನ ಕಡೆಗೇ ತಳ್ಳಿದರು.

"ಓವರ್‌ಲೋಡ್ ಅಂತ ಬರೆಯೋಕೆ ನಿಮ್ಮನ್ನ ಕಳಸಕ್ಕೆ ಯಾಕ್ರೀ ಕಳಿಸ್ಬೇಕಿತ್ತು? ಇಲ್ಲೇ ಕೂತು ಬರೀಬಹುದಿತ್ತಲ್ಲ?"

ಆಮೇಲೆ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ಮುರಿದ ಜಾಗ ತೋರಿಸಿದರು. ಅರ್ಧ ಹೊಳೆಯುತ್ತಿತ್ತು, ಅರ್ಧ ತುಕ್ಕು ಹಿಡಿದು ಕಪ್ಪಾಗಿತ್ತು. ತುಕ್ಕು ಹಿಡಿದ ಭಾಗ ಎಷ್ಟೋ ದಿನದಿಂದ ಬಿರುಕು ಬಿಟ್ಟಿತ್ತು, ಹೊಳೆಯುವ ಭಾಗ ಮಾತ್ರ ಮೊನ್ನೆ ಮುರಿದದ್ದು. ಅಂದರೆ ಆ ದಿನದ ಲೋಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. "ಮೊದ್ಲು ಕೈ ಹಾಕಿ ನೋಡ್ರೀ, ಆಮೇಲೆ ಪೆನ್ ತೆಗೀರಿ" ಎಂದರು. ಅವರು ಇರುವವರೆಗೆ ನಾನು ಹಾಗೇ ಮಾಡಿದೆ.

ಮಾಡಿದೆ ಅಂದರೆ, ಎಡವಲಿಲ್ಲ ಎಂದಲ್ಲ. ಹೊರನಾಡಿನ ಕಡೆಯ ಒಂದು ತೋಟದವರು, ನಿಮ್ಮ ಟ್ರೈಲರ್ ಎಡಕ್ಕೆ ವಾಲುತ್ತದೆ ಎಂದು ದೂರು ಕೊಟ್ಟಿದ್ದರು. ಹೋಗಿ ಎಡಗಡೆಯ ಪ್ಲೇಟು ಬದಲಾಯಿಸಿ ಬಂದೆ. ಮೂರು ತಿಂಗಳಿಗೆ ಮತ್ತೆ ವಾಲಿತು. ಮತ್ತೆ ಬದಲಾಯಿಸಿದೆ. ಮೂರನೇ ಸಲ ಹೋದಾಗ ಬಸ್ಸು ತಡವಾಗಿ, ಅವರು ಮೂಟೆ ತುಂಬಿಸುವ ಹೊತ್ತಿಗೆ ಸರಿಯಾಗಿ ತಲುಪಿದೆ. ಅವರ ಗೋಡೌನಿನ ಬಾಗಿಲ ಮುಂದೆ ಟ್ರೈಲರ್ ನಿಲ್ಲಿಸಿದರೆ ಬಾಗಿಲಿಗೆ ಸಿಗುವುದು ಎಡ ಪಕ್ಕ. ಹೊರುವವರು ಬಂದವರೇ ಕೈಗೆ ಎಟುಕಿದ ಕಡೆ ಮೂಟೆ ಇಳಿಸಿ ಹೋಗುತ್ತಿದ್ದರು. ಬಲಗಡೆಗೆ ಸಿಗುತ್ತಿದ್ದದ್ದು ಡ್ರೈವರನ ಊಟದ ಬುತ್ತಿ ಒಂದೇ. ಟ್ರೈಲರನ್ನು ಒಂದು ದಿನ ಹೀಗೆ, ಒಂದು ದಿನ ಹಾಗೆ ತಿರುಗಿಸಿ ನಿಲ್ಲಿಸಿ ಎಂದು ಹೇಳಿ ಬಂದೆ. ಆಮೇಲೆ ವಾಲಲಿಲ್ಲ. ರಾಯರಿಗೆ ಇದನ್ನು ಹೇಳಿದಾಗ ಅವರು ನಕ್ಕದ್ದನ್ನು ಮೊದಲ ಬಾರಿ ನೋಡಿದೆ. ಆದರೆ ಎರಡು ಸೆಟ್ ಪ್ಲೇಟು ದಂಡವಾಗಿತ್ತಲ್ಲ, ಅದು ನನ್ನನ್ನು ಬಹಳ ದಿನ ಕೊರೆಯಿತು.

ಈಗ ಆಯಿಲಿನ ವಿಷಯಕ್ಕೆ ಬರುತ್ತೇನೆ.

ತೋಟದ ಟ್ರೈಲರಿಗೆ ಕೆಲಸ ಇರುವುದು ಕಾಫಿ ಕುಯ್ಲಿನಲ್ಲಿ. ಮಳೆಗಾಲ ಪೂರ್ತಿ ಅದು ಶೆಡ್ಡಿನಲ್ಲಿ ನಿಂತಿರುತ್ತದೆ. ಕೊಟ್ಟಿಗೆಹಾರದ ಕಡೆ ಬರುವ ಮಳೆಗೆ ಶೆಡ್ಡೂ ಒಂದೇ, ಬಯಲೂ ಒಂದೇ. ನಾಲ್ಕು ತಿಂಗಳ ತೇವಕ್ಕೆ ಪಟ್ಟಿ ಪಟ್ಟಿಗೆ ಅಂಟಿ ಕಟ್ಟು ಪೂರ್ತಿ ಒಂದೇ ಗಟ್ಟಿಯಾಗಿಬಿಡುತ್ತಿತ್ತು. ಅಂಥದ್ದು ಬಗ್ಗುವುದಿಲ್ಲ, ಮುರಿಯುತ್ತದೆ. ಇದಕ್ಕೆ ನಾನೇ ಒಂದು ದಾರಿ ಕಂಡುಕೊಂಡೆ. ಇಂಜಿನ್ನಿನಿಂದ ಬದಲಾಯಿಸಿ ತೆಗೆದ ಕಪ್ಪು ಆಯಿಲ್ ಎಲ್ಲ ತೋಟದಲ್ಲೂ ಡಬ್ಬಗಟ್ಟಲೆ ಬಿದ್ದಿರುತ್ತದೆ, ಸುಟ್ಟ ಆಯಿಲ್ ಅನ್ನುತ್ತೇವೆ. ಮಳೆ ಹಿಡಿಯುವ ಮುಂಚೆ ಅದನ್ನು ಬ್ರಷ್‌ನಿಂದ ಪ್ಲೇಟಿಗೆ, ಪಿನ್ನಿಗೆ, ಬುಷ್ಷಿನ ಸಂದಿಗೆಲ್ಲ ಬಳಿದಿಡಿ ಎಂದು ಮೊದಲು ಒಂದು ತೋಟದವರಿಗೆ ಹೇಳಿಕೊಟ್ಟೆ. ಆಗಿನ ಬುಷ್ ಹಿತ್ತಾಳೆಯದು. ಆಯಿಲ್ ಬಿದ್ದಷ್ಟೂ ಅದಕ್ಕೆ ಒಳ್ಳೆಯದು.

ಮರುವರ್ಷ ಆ ತೋಟದಿಂದ ಒಂದೂ ದೂರು ಬರಲಿಲ್ಲ. ನನಗೆ ರೆಕ್ಕೆ ಮೂಡಿತು. ಮೇ ತಿಂಗಳು ಬಂತೆಂದರೆ ತೋಟದಿಂದ ತೋಟಕ್ಕೆ ಓಡುತ್ತಿದ್ದೆ. ಡ್ರೈವರುಗಳನ್ನು ಸೇರಿಸಿ, ಅಂಗಿ ತೋಳು ಮಡಚಿ, ನೆಲದ ಮೇಲೆ ಮಲಗಿ ಬಳಿದು ತೋರಿಸುತ್ತಿದ್ದೆ. ನನಗೆ 'ಆಯಿಲ್ ಸಾರ್' ಎಂದೇ ಹೆಸರು ಬಿತ್ತು. ಕೆಲವು ತೋಟಗಳಲ್ಲಿ ಆಯಿಲ್ ಬಳಿಯುವುದು ವರ್ಷಾವಧಿಯ ಪದ್ಧತಿಯೇ ಆಗಿಹೋಯಿತು. ಮೊದಲ ಗುಡುಗು ಕೇಳಿದರೆ ಒಬ್ಬರು ಸೌದೆ ಒಳಗೆ ಹಾಕುತ್ತಾರೆ, ಇನ್ನೊಬ್ಬರು ಬ್ರಷ್ ಹುಡುಕುತ್ತಾರೆ.

ಹಾಗೆ ಕಲಿತವರಲ್ಲಿ ಚಂದ್ರಯ್ಯ ಒಬ್ಬ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ ಸುಬ್ಬೇಗೌಡರ ತೋಟವಿದೆ, ಅಲ್ಲಿಯ ಟ್ರ್ಯಾಕ್ಟರ್ ಡ್ರೈವರ್. ತೋಟದ ಆಳುಗಳಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದವನು. ಮಾತು ಕಮ್ಮಿ. ಬೇರೆಯವರು ಆಯಿಲನ್ನು ಎರಚಿದರೆ ಇವನು ಹಣೆಗೆ ವಿಭೂತಿ ಹಚ್ಚಿದಷ್ಟು ನಿಧಾನವಾಗಿ, ಒಂದು ಸಂದಿಯನ್ನೂ ಬಿಡದೆ ಹಚ್ಚುತ್ತಿದ್ದ. ನಾನು ಬೇರೆ ತೋಟದವರಿಗೆ ಇವನನ್ನೇ ಉದಾಹರಣೆ ಕೊಡುತ್ತಿದ್ದೆ.

ರಾಯರು ನಿವೃತ್ತರಾದರು. ಕೆಲಸದ ರೀತಿ ಬದಲಾಯಿತು. ಮುರಿದ ಭಾಗ ಹೊತ್ತು ತರುವುದು ನಿಂತಿತು. ಮೊಬೈಲಿನಲ್ಲಿ ಮೂರು ಫೋಟೊ ತೆಗೆದು ಕಳಿಸಬೇಕು, ಆ್ಯಪ್‌ನಲ್ಲಿ ಕಾರಣಗಳ ಪಟ್ಟಿ ಬರುತ್ತದೆ, ಅದರಲ್ಲಿ ಒಂದನ್ನು ಒತ್ತಬೇಕು. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು 'ಓವರ್‌ಲೋಡ್'. ನೀವೂ ನೋಡಿರುತ್ತೀರಿ. ದಿನಕ್ಕೆ ನಾಲ್ಕು ತೋಟ ಸುತ್ತಿ ದಣಿದವನ ಹೆಬ್ಬೆರಳು ತಾನಾಗೇ ಅಲ್ಲಿಗೆ ಹೋಗುತ್ತದೆ. ಆಫೀಸಿನವರಿಗೂ ಅದೇ ಇಷ್ಟ, ಏಕೆಂದರೆ ಅಲ್ಲಿಗೆ ದೂರು ಮುಗಿಯಿತು. ನನ್ನ ಮೇಲೆ ಬಂದವರು ಪ್ರಶಾಂತ್, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಕೆಟ್ಟವರಲ್ಲ, ಆದರೆ ಅವರಿಗೆ ದೂರು ಬೇಗ ಮುಗಿಯಬೇಕು.

ಅದೇ ಕಾಲಕ್ಕೆ ಟ್ರೈಲರಿನ ಹೊಸ ಮಾದರಿ ಬಂತು. ಹಿತ್ತಾಳೆ ಬುಷ್ ಹೋಗಿ ರಬ್ಬರ್ ಬುಷ್ ಬಂತು. ಅದರ ಜೊತೆ ಇಂಗ್ಲಿಷಿನಲ್ಲಿ ಎರಡು ಪುಟದ ಸುತ್ತೋಲೆ. ಮೊದಲ ಪುಟದಲ್ಲಿ, ಇನ್ನು ಗ್ರೀಸ್ ಹಾಕುವ ರಗಳೆ ಇಲ್ಲ ಎಂದಿತ್ತು. ಅಷ್ಟು ಓದಿ ಖುಷಿಯಾಗಿ ಮಡಚಿ ಬ್ಯಾಗಿನಲ್ಲಿಟ್ಟೆ. ಎರಡನೇ ಪುಟ ತಿರುಗಿಸಲಿಲ್ಲ. ಯಾಕೆ ತಿರುಗಿಸಲಿಲ್ಲ ಎಂದು ಕೇಳಿದರೆ ಉತ್ತರವಿಲ್ಲ. ಸುಮ್ಮನೆ ತಿರುಗಿಸಲಿಲ್ಲ, ಅಷ್ಟೆ.

ಸುಬ್ಬೇಗೌಡರು ಹೊಸ ಮಾದರಿಯ ಟ್ರೈಲರ್ ಕೊಂಡರು. ಮರುವರ್ಷ ಕುಯ್ಲಿನ ನಡುವೆ, ಜನವರಿಯಲ್ಲಿ, ಅವರಿಂದ ಫೋನ್ ಬಂತು. ಟ್ರೈಲರ್ ಮಗುಚಿದೆ, ಈಗಲೇ ಬನ್ನಿ ಎಂದರು.

ಹೋದೆ. ತೋಟದ ಕೆರೆಯ ತಿರುವಿನಲ್ಲಿ ಟ್ರೈಲರ್ ಚರಂಡಿಗೆ ಅಡ್ಡ ಬಿದ್ದಿತ್ತು. ಕಾಫಿ ಹಣ್ಣಿನ ಮೂಟೆಗಳು ಒಡೆದು ಇಳಿಜಾರು ಪೂರ್ತಿ ಕೆಂಪಾಗಿತ್ತು. ಎಡಗಡೆಯ ಪಿನ್ನು ಕಡಿದು ಪ್ಲೇಟು ಕಳಚಿಕೊಂಡು ಚಕ್ರ ಹಿಂದಕ್ಕೆ ಸರಿದಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಆ ತಿರುವಿಗೆ ಸ್ವಲ್ಪ ಹಿಂದೆ, ಲೈನ್ ಮನೆಗಳ ಹತ್ತಿರ, ಮೂಟೆಗಳ ಮೇಲೆ ಕೂತು ಬಂದಿದ್ದ ನಾಲ್ಕು ಹೆಂಗಸರನ್ನು ಚಂದ್ರಯ್ಯ ಇಳಿಸಿದ್ದ. ಎಲ್ಲರ ಬಾಯಲ್ಲೂ ಅದೇ ಮಾತು. ಇನ್ನು ಎರಡು ನಿಮಿಷ ಕೂತಿದ್ದರೆ?

ಸುಬ್ಬೇಗೌಡರು ಬಿಳಿಚಿಕೊಂಡು ನಿಂತಿದ್ದರು. "ನಂಗೆ ಒಂದೇ ಒಂದು ತಿಳೀಬೇಕು ನೋಡಿ. ಇದು ನಿಮ್ ಕಂಪೆನಿ ತಪ್ಪಾ, ಇವನ ತಪ್ಪಾ? ಜನ ಕೂರೋ ಗಾಡಿ ಇದು. ನೀವು ಬರ್ದಿದ್ದೇ ನಂಗೆ ಪ್ರಮಾಣ."

ಚಂದ್ರಯ್ಯ ನನ್ನ ಪಕ್ಕದಲ್ಲೇ ಇದ್ದ. "ಲೋಡು ಯಾವಾಗ್ಲೂ ಹಾಕೋ ಅಷ್ಟೇ ಸಾರ್" ಎಂದ. ಟ್ರೈಲರಿನ ಕಡೆ ಕೈ ತೋರಿಸಿ, "ಮೇ ತಿಂಗಳಲ್ಲಿ ನೀವ್ ಹೇಳ್ಕೊಟ್ಟಂಗೇ ಆಯಿಲ್ ಹಚ್ಚಿದ್ದೆ. ಎರಡು ಸಲ ಹಚ್ಚಿದ್ದೆ" ಎಂದ.

ನಾನು ಬಗ್ಗಿ ನೋಡಿದೆ. ಬುಷ್ ಇದ್ದ ಜಾಗದಲ್ಲಿ ಬೆರಳಿಟ್ಟರೆ ರಬ್ಬರ್ ನೆನೆದ ಬೆಲ್ಲದ ಹಾಗೆ ಮೆತ್ತಗೆ ಅಂಟಿಕೊಂಡಿತು. ಬೆರಳು ಕಪ್ಪಾಯಿತು. ಕಾಫಿ ಎಲೆಗೆ ಒರೆಸಿಕೊಂಡೆ. ನೋಡಿ, ನನ್ನ ಬೆರಳಿಗೆ ಗೊತ್ತಾಗಿತ್ತು. ತಲೆ ಮಾತ್ರ ಚೆಲ್ಲಿದ ಮೂಟೆಗಳ ಕಡೆಗಿತ್ತು. ಚೆಲ್ಲಿದ್ದನ್ನು ನೋಡಿದರೆ ಮೂಟೆ ಸ್ವಲ್ಪ ಜಾಸ್ತಿಯೇ ಪೇರಿಸಿದ್ದಂತೆ ಕಂಡಿತು. ಸಂಜೆಯೊಳಗೆ ಇನ್ನೂ ಎರಡು ಕಡೆ ಹೋಗಬೇಕಿತ್ತು. ಮೂರು ಫೋಟೊ ತೆಗೆದೆ. ಪಟ್ಟಿಯ ಮೇಲಿನದನ್ನು ಒತ್ತಿದೆ. ಗೌಡರಿಗೂ ಅದನ್ನೇ ಹೇಳಿ ಹೊರಟೆ.

ಮರುದಿನವೇ ಗೌಡರು ಚಂದ್ರಯ್ಯನಿಂದ ಟ್ರ್ಯಾಕ್ಟರಿನ ಕೀ ಇಸಿದುಕೊಂಡರು. ಕೆಲಸದಿಂದ ತೆಗೆಯಲಿಲ್ಲ, ಕಳೆ ಹೊಡೆಯುವ ಮಿಷನ್ ಕೊಟ್ಟರು. ಇದು ನನಗೆ ಗೊತ್ತಾದದ್ದು ಹದಿನೈದು ದಿನ ಕಳೆದು, ಮೂಡಿಗೆರೆಯ ಪೆಟ್ರೋಲ್ ಬಂಕಿನಲ್ಲಿ ಯಾರದೋ ಮಾತಿನಲ್ಲಿ. ಜಾಸ್ತಿ ತುಂಬಿಸಿ ಹೆಂಗಸರನ್ನು ಕೊಲ್ಲುತ್ತಿದ್ದನಂತೆ ಎಂದು ಅಲ್ಲಿ ಕತೆ ಬೆಳೆದಿತ್ತು. ಆಗಲೂ ನನಗೆ ಅನುಮಾನ ಬರಲಿಲ್ಲ. ಪಾಪ ಎಂದುಕೊಂಡೆ, ಅಷ್ಟೆ.

ಫೆಬ್ರವರಿಯಲ್ಲಿ ಕಳಸದ ಹತ್ತಿರದ ಒಂದು ತೋಟದಿಂದ ದೂರು ಬಂತು. ಅದೇ ಹೊಸ ಮಾದರಿ, ರಬ್ಬರ್ ಹೊರಗೆ ಬರುತ್ತಿದೆ ಎಂದು. ಹೋದೆ. ಮಳೆಗೆ ಅವರ ತೋಟದ ರಸ್ತೆ ಕುಸಿದಿದ್ದರಿಂದ ಟ್ರೈಲರ್ ಶೆಡ್ಡಿನಿಂದ ಆಚೆಗೇ ಬಂದಿರಲಿಲ್ಲ. ತಂದಾಗಿನಿಂದ ಒಂದು ಮೂಟೆಯನ್ನೂ ಹೊತ್ತಿರಲಿಲ್ಲ. ಬಗ್ಗಿ ಬುಷ್ಷಿಗೆ ಬೆರಳಿಟ್ಟೆ. ಅದೇ ಮೆತ್ತಗೆ, ಅದೇ ಕಪ್ಪು.

ಅಲ್ಲಿಯ ಡ್ರೈವರ್ ಹೆಮ್ಮೆಯಿಂದ ಹೇಳಿದ. "ತಂದ ವಾರಕ್ಕೇ ಆಯಿಲ್ ಬಳಿದಿಟ್ಟಿದ್ದೆ ಸಾರ್. ನೀವ್ ಬಂದು ಹೇಳೋದಕ್ಕೂ ಕಾಯ್ಲಿಲ್ಲ."

ಅವನಿಗೆ ಏನು ಹೇಳಿದೆನೋ ನೆನಪಿಲ್ಲ. ಗೇಟಿನ ಹೊರಗೆ ಬಂದು ಬೈಕಿನ ಮೇಲೆ ಕೂತು ಬ್ಯಾಗ್ ತಡಕಾಡಿದೆ. ಸುತ್ತೋಲೆ ಅಲ್ಲೇ ಇತ್ತು, ಮೂಲೆ ಮಡಚಿಕೊಂಡು. ಎರಡನೇ ಪುಟದ ನಡುವೆ ಒಂದು ಸಾಲು. ರಬ್ಬರ್ ಬುಷ್ಷಿಗೆ ಆಯಿಲ್, ಡೀಸೆಲ್ ತಗುಲಬಾರದು, ತಗುಲಿದರೆ ಊದಿ ಕೊಳೆಯುತ್ತದೆ. ರಬ್ಬರ್ ಹೋದ ಮೇಲೆ ಕಬ್ಬಿಣ ಕಬ್ಬಿಣವನ್ನೇ ತಿಂದು ಪಿನ್ನು ಕಡಿಯುತ್ತದೆ. ಚಂದ್ರಯ್ಯನ ಟ್ರೈಲರಿಗೆ ಆದದ್ದು ಇದೇ. ನಾನು ಹೇಳಿಕೊಟ್ಟದ್ದನ್ನು ಶ್ರದ್ಧೆಯಿಂದ ಎರಡು ಸಲ ಮಾಡಿದ್ದ, ಅದಕ್ಕೇ ಅವನದು ಎಲ್ಲರಿಗಿಂತ ಮೊದಲು ಹೋಯಿತು.

ಅಲ್ಲಿಂದಲೇ ಪ್ರಶಾಂತ್‌ಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು.

"ಸಾರ್, ಆ ರಿಪೋರ್ಟ್ ಕ್ಲೋಸ್ ಆಗಿದೆ. ಈಗ ಮತ್ತೆ ತೆಗೆದ್ರೆ ಏನಾಗತ್ತೆ ಹೇಳಿ? ನಮ್ಮವರೇ ತಪ್ಪು ಹೇಳ್ಕೊಟ್ರು ಅಂತ ಆಗತ್ತೆ. ನೀವು ರಿಟೈರ್ ಆಗೋಕೆ ಇನ್ನು ನಾಲ್ಕೇ ತಿಂಗಳು. ಎಲ್ರಿಗೂ ಆಯಿಲ್ ಹಚ್ಬೇಡಿ ಅಂತ ಹೇಳ್ಬಿಡಿ, ಸಾಕು."

ಅವರು ನನ್ನ ಬಾಯಿ ಮುಚ್ಚಿಸಿದರು ಎಂದು ಬರೆದುಬಿಡಬಹುದು. ಸುಳ್ಳಾಗುತ್ತದೆ. ಅವರ ಮಾತು ಕೇಳಿ ನನಗೆ ಒಳಗೊಳಗೇ ಹಾಯೆನಿಸಿತು. ಸಾಕು ಅಂದರಲ್ಲ, ಸಾಕು.

ಆ ನಾಲ್ಕು ತಿಂಗಳು ನಾನು ಹುಚ್ಚು ಹಿಡಿದವನಂತೆ ಸುತ್ತಿದೆ. ಆಲ್ದೂರು, ಮೂಡಿಗೆರೆ, ಕಳಸ, ಹೊಸ ಟ್ರೈಲರ್ ಇರುವ ಒಂದು ತೋಟವನ್ನೂ ಬಿಡಲಿಲ್ಲ. "ಹೊಸದಕ್ಕೆ ಆಯಿಲ್ ಹಚ್ಬೇಡಿ" ಎಂದು ಬಾಯಿ ಒಣಗುವವರೆಗೆ ಹೇಳಿದೆ. "ಆಯಿಲ್ ಸಾರೇ ಆಯಿಲ್ ಬೇಡ ಅಂತಾರಲ್ಲಪ್ಪಾ" ಎಂದು ನಕ್ಕರು. ನಾನೂ ನಕ್ಕೆ. ಸುಬ್ಬೇಗೌಡರ ತೋಟಕ್ಕೆ ಮಾತ್ರ ಹೋಗಲಿಲ್ಲ. ಅಲ್ಲಿಗೆ ಫೋನ್ ಮಾಡಿ, ಬೇರೆ ಟ್ರೈಲರುಗಳಲ್ಲಿ ತೊಂದರೆ ಕಂಡಿದೆ, ಆಯಿಲ್ ಹಚ್ಚಬೇಡಿ ಎಂದೆ. ಎದುರು ಹೋಗಿ ನಿಂತರೆ ಯಾಕೆ ಎಂದು ಕೇಳುತ್ತಾರೆ. ಆ ತೋಟದ ಗೇಟು ಬಂದರೆ ಬೈಕಿನ ಗೇರ್ ಬದಲಾಯಿಸಿ ಮುಂದೆ ಹೋಗುತ್ತಿದ್ದೆ. ರಿಟೈರ್ ಆದ ದಿನ ಶಾಲು ಹೊದಿಸಿದರು, ಭಾಷಣ ಮಾಡಿದರು, ಮನೆಗೆ ಬಂದೆ.

ಮನೆಯಲ್ಲಿ ಕೂರಲಾಗಲಿಲ್ಲ, ಟ್ರ್ಯಾಕ್ಟರ್ ಸದ್ದಿಗೆಲ್ಲ ಗೇಟಿಗೆ ಓಡುತ್ತಿದ್ದೆ. ಸರೋಜಳಿಗೆ ಮೊದಮೊದಲು ತಮಾಷೆಯಾಗಿತ್ತು, ಆಮೇಲೆ ಭಯವಾಯಿತು. ವರ್ಷ ದಾಟಿದ ಮೇಲೆ ಒಂದು ದಿನ ಅವಳಿಗೆ ಎಲ್ಲ ಹೇಳಿದೆ. ಹೊಸಬರಿಗಾಗಿ ಇದನ್ನು ಬರೆಯುತ್ತೇನೆ, ಅಲ್ಲಿಗೆ ಮನಸ್ಸು ತಿಳಿಯಾಗುತ್ತದೆ ಎಂದೆ.

"ನೀವು ಬರೆದಿದ್ದನ್ನ ಚಂದ್ರಯ್ಯ ಓದ್ತಾನಾ?" ಎಂದಳು. "ಕಳೆ ಮಿಷನ್ ಹೊತ್ಕೊಂಡಿರೋನು ಅವನು. ಮೊದ್ಲು ಅವನ ಹತ್ರ ಹೋಗಿ ಹೇಳಿ. ಪೆನ್ನು ಎಲ್ಲಿಗೂ ಓಡಿ ಹೋಗಲ್ಲ."

ಮರುದಿನ ಹೋದೆ. ಮಳೆ ಬಿಟ್ಟು ತೋಟದಲ್ಲಿ ಕಳೆ ಹೊಡೆಯುವ ಕಾಲ. ಮಿಷನ್ ಸದ್ದು ಹಿಡಿದು ನಡೆದೆ. ಚಂದ್ರಯ್ಯ ಬೆನ್ನಿಗೆ ಮಿಷನ್ ಕಟ್ಟಿಕೊಂಡು ಕಾಫಿ ಗಿಡಗಳ ಸಾಲಿನಲ್ಲಿ ಹುಲ್ಲು ಹೊಡೆಯುತ್ತಿದ್ದ. ಮುಖದ ತುಂಬ ಹುಲ್ಲಿನ ಚೂರು. ನನ್ನನ್ನು ಕಂಡು ಮಿಷನ್ ಆಫ್ ಮಾಡಿದ. "ಸಾರ್, ಈ ಕಡೆ?" ಎಂದು ನಕ್ಕ. ಆ ನಗುವನ್ನು ಎದುರಿಸುವುದು ಕಷ್ಟವಾಯಿತು. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ರಬ್ಬರ್, ಆಯಿಲ್, ಎರಡನೇ ಪುಟ, ಕಳಸದ ಟ್ರೈಲರ್, ಆಮೇಲೆ ನಾನು ಸುಮ್ಮನಿದ್ದದ್ದು.

ಅವನು ಮಿಷನ್ ಕೆಳಗಿಳಿಸಿದ. "ಹಂಗಾದ್ರೆ ಲೋಡ್ ಅಲ್ವಾ ಸಾರ್?"

"ಅಲ್ಲ ಚಂದ್ರಯ್ಯ."

"ಲೋಡ್ ಜಾಸ್ತಿ ಆಗಿರ್ಲಿಲ್ವಾ?"

"ಇಲ್ಲ. ನೀನು ಹಾಕಿದ್ದು ಆ ಟ್ರೈಲರ್ ಹೊರ್ಬೇಕಾದಷ್ಟೇ."

ಅವನು ಮಿಷನ್ನಿಗೆ ಸುತ್ತಿಕೊಂಡಿದ್ದ ಹುಲ್ಲನ್ನು ಕಿತ್ತು ತೆಗೆಯತೊಡಗಿದ. ಬಯ್ಯುತ್ತಾನೆ ಎಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು. ಕೊನೆಗೆ, "ಒಂದು ಉಪಕಾರ ಮಾಡ್ತೀರಾ ಸಾರ್?" ಎಂದ. "ಗೌಡ್ರಿಗೆ ಹೇಳ್ತೀರಿ, ಗೊತ್ತು. ಅದ್ರ ಜೊತೆಗೆ ನಾಳೆ ಬೆಳಿಗ್ಗೆ ಹಾಜರಿ ಹೊತ್ತಿಗೆ ಬಂದು ಎಲ್ರ ಮುಂದೆ ಹೇಳಿ. ಆ ನಾಲ್ಕು ಹೆಂಗಸ್ರು ಇವತ್ತಿಗೂ ನನ್ ಹತ್ರ ಮಾತಾಡಲ್ಲ. ಒಂದೇ ಲೈನಲ್ಲಿ ಇರೋದು ಸಾರ್ ನಾವು. ನೀರಿಗೆ ಹೋದ್ರೆ ಮುಖ ತಿರುಗಿಸ್ತಾರೆ."

ಸುಬ್ಬೇಗೌಡರ ಮನೆಗೆ ಹೋದೆ. ಅವರು ಕೇಳಿ, ಎದ್ದು, ಜಗಲಿಯಲ್ಲಿ ಎರಡು ಸಲ ಅತ್ತಿಂದಿತ್ತ ನಡೆದರು.

"ನೀವು ಬರ್ದಿದ್ದೇ ಪ್ರಮಾಣ ಅಂದಿದ್ದೆ ನಾನು" ಎಂದರು. "ಚಂದ್ರಯ್ಯನ ಅಪ್ಪನೂ ಇದೇ ತೋಟದಲ್ಲಿ ದುಡಿದೋರು. ಅವನ ಮಾತು ಬಿಟ್ಟು ನಿಮ್ ಮಾತು ನಂಬಿದೆ. ಎಂತ ಕೆಲ್ಸ ಮಾಡಿಸ್ಬಿಟ್ರಿ ಮಾರಾಯ್ರೆ ನನ್ ಕೈಲಿ."

ಒಂದು ಹಾಳೆ ಇಸಿದುಕೊಂಡು ನಡೆದದ್ದನ್ನೆಲ್ಲ ಕನ್ನಡದಲ್ಲಿ ಬರೆದು, ಸಹಿ ಹಾಕಿ ಅವರ ಕೈಗೆ ಕೊಟ್ಟೆ. ಇನ್ನೊಂದು ಪ್ರತಿ ಕಂಪೆನಿಗೆ ಅಂಚೆಯಲ್ಲಿ ಕಳಿಸಿದೆ. ಅಲ್ಲಿಂದ ಇವತ್ತಿನವರೆಗೂ ಉತ್ತರ ಬಂದಿಲ್ಲ.

ಮರುದಿನ ಏಳೂವರೆಗೆ ತೋಟದ ಗೋಡೌನ್ ಮುಂದೆ ಎಲ್ಲರೂ ಸೇರಿದ್ದರು. ತೋಟದಲ್ಲಿ ದಿನವೂ ನಡೆಯುವುದೇ ಇದು. ರೈಟರ್ ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರ ಹೆಸರು ಕೂಗಿ, ಅವತ್ತಿನ ಕೆಲಸ ಹೇಳುತ್ತಾರೆ. ಹಾಗೆಂದರೆ ಈ ಒಂದೂ ಮುಕ್ಕಾಲು ವರ್ಷ, ಪ್ರತಿ ಬೆಳಿಗ್ಗೆ, ಅಷ್ಟು ಜನರ ಮುಂದೆ, ಚಂದ್ರಯ್ಯನ ಹೆಸರಿನ ಮುಂದೆ ಟ್ರ್ಯಾಕ್ಟರ್ ಬಿಟ್ಟು ಬೇರೆ ಏನನ್ನೋ ಕೂಗಿದ್ದಾರೆ. ಇದು ನನಗೆ ಅಲ್ಲಿ ನಿಂತ ಮೇಲೇ ಹೊಳೆದದ್ದು.

ಗೌಡರು ನನ್ನ ಕಡೆ ತಲೆಯಾಡಿಸಿದರು. ನಾನು ಹೇಳಿದೆ. ಸುತ್ತಿ ಬಳಸದೆ ಹೇಳಿದೆ. ಟ್ರೈಲರ್ ಮಗುಚಿದ್ದು ಲೋಡಿನಿಂದಲ್ಲ. ಆಯಿಲ್ ಹಚ್ಚಲು ಹೇಳಿದ್ದು ನಾನು. ಆ ಆಯಿಲಿನಿಂದಲೇ ಪಿನ್ನು ಕಡಿದದ್ದು. ಚಂದ್ರಯ್ಯನದು ಏನೂ ತಪ್ಪಿಲ್ಲ. ತಪ್ಪು ಗೊತ್ತಾದ ಮೇಲೂ ನಾನು ಬರಲಿಲ್ಲ. ಕ್ಷಮಿಸಿ ಎಂದು ಕೈ ಮುಗಿದೆ.

ರೈಟರ್ ಪುಸ್ತಕ ತೆರೆದು ಹೆಸರು ಕೂಗುತ್ತ ಬಂದರು. ಚಂದ್ರಯ್ಯನ ಹೆಸರು ಬಂದಾಗ ಗೌಡರ ಮುಖ ನೋಡಿದರು. ಗೌಡರು ಜೇಬಿನಿಂದ ಕೀ ತೆಗೆದರು. ಇಷ್ಟು ದಿನ ಅವರ ಜೀಪಿನ ಡ್ರೈವರೇ ಟ್ರ್ಯಾಕ್ಟರನ್ನೂ ನೋಡಿಕೊಳ್ಳುತ್ತಿದ್ದ.

"ಚಂದ್ರಯ್ಯ, ಟ್ರ್ಯಾಕ್ಟರ್" ಎಂದು ರೈಟರ್ ಕೂಗಿದರು.

ಅವನು ಮುಂದೆ ಬಂದು ಕೀ ತೆಗೆದುಕೊಂಡ. ಅಷ್ಟರಲ್ಲಿ ಹೆಂಗಸರ ಗುಂಪಿನಿಂದ ಗಿರಿಜಮ್ಮ ಎದುರಿಗೆ ಬಂದಳು. ಅವತ್ತು ಮೂಟೆ ಮೇಲಿಂದ ಇಳಿದವರಲ್ಲಿ ಅವಳು ಒಬ್ಬಳು. ಸಿಟ್ಟಿನಲ್ಲಿ ಅವಳ ದನಿ ಏರಿತ್ತು, ಕಣ್ಣಲ್ಲಿ ನೀರಿತ್ತು.

"ಅಲ್ಲ ಚಂದ್ರಣ್ಣ, ಇಷ್ಟು ದಿನ ನಾವು ಬಾಯಿಗೆ ಬಂದಂಗೆ ಅಂದ್ವಿ. ನಾನ್ ಜಾಸ್ತಿ ಹಾಕಿರ್ಲಿಲ್ಲ ಅಂತ ಒಂದ್ ದಿನ ಆದ್ರೂ ತಿರುಗಿ ಅನ್ಬಾರ್ದಿತ್ತಾ ನೀನು?"

ಚಂದ್ರಯ್ಯ ಕೀಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಹೆಂಗನ್ಲಿ ಅಕ್ಕ? ಸಾರ್ ಬಗ್ಗಿ ನೋಡಿ ಬರ್ದಿದ್ರಲ್ಲ. ನಂಗೂ ಹಂಗೇ ಅನ್ನಿಸ್ಬಿಟ್ಟಿತ್ತು. ನಾನೇ ಜಾಸ್ತಿ ಹಾಕಿರ್ಬೇಕು ಅಂತ."